ಎಲ್ಲವೂ ಇರುವವನಿಗೆ ಸೃಷ್ಟಿ ಏಕೆ ಬೇಕಾಯಿತು? ಬ್ರಹ್ಮಸೂತ್ರದ ಐದು ಸೂತ್ರಗಳು

ಕುಂಬಾರನು ಮಡಕೆಯನ್ನು ಏಕೆ ಮಾಡುತ್ತಾನೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಡಕೆ ಮಾರಿ ಅವನ ಸಂಸಾರ ಸಾಗಬೇಕು. ಅವನಿಗೊಂದು ಕೊರತೆಯಿದೆ, ಅದನ್ನು ತುಂಬಿಕೊಳ್ಳುವುದಕ್ಕಾಗಿ ಅವನು ಮಣ್ಣಿಗೆ ಕೈ ಹಾಕುತ್ತಾನೆ. ನಾವು ಕಂಡ ಕರ್ತೃಗಳೆಲ್ಲ ಇದೇ ಜಾಡಿನವರು. ಈ ಮಾತನ್ನು ಜಗತ್ತನ್ನು ಸೃಷ್ಟಿಸಿದನೆನ್ನುವ ದೇವರಿಗೆ ಹಚ್ಚಿ ನೋಡಿದೊಡನೆ ತೊಡಕು ಎದುರಾಗುತ್ತದೆ. ದೇವರು ಪೂರ್ಣನು, ಆಪ್ತಕಾಮನು, ಎಂದರೆ ಬಯಸಬೇಕಾದುದೆಲ್ಲವನ್ನೂ ಮೊದಲೇ ಪಡೆದಿರುವವನು ಎಂದು ಆಸ್ತಿಕರು ಹೇಳುತ್ತಾರೆ. ಅವನು ಏನನ್ನೋ ಪಡೆಯಲು ಸೃಷ್ಟಿಸಿದನೆಂದರೆ ಅವನು ಪೂರ್ಣನಲ್ಲವೆಂದಾಗುತ್ತದೆ. ಏನನ್ನೂ ಪಡೆಯಲು ಇಲ್ಲದೆ ಸೃಷ್ಟಿಸಿದನೆಂದರೆ ಅವನು ವಿವೇಕಿಯಲ್ಲವೆಂದಾಗುತ್ತದೆ. ಅವನು ಸರ್ವಶಕ್ತನೆಂದು ಹೇಳುವುದರಿಂದ ಈ ಗಂಟು ಸಡಿಲವಾಗದೆ ಇನ್ನಷ್ಟು ಬಿಗಿಯುತ್ತದೆ. ಏಕೆಂದರೆ ಶಕ್ತಿಯು ಹೇಗೆ ಮಾಡಿದನೆಂಬುದಕ್ಕೆ ಮಾತ್ರ ಉತ್ತರವಾಗಬಲ್ಲದು. ಮೇಲಾಗಿ, ಬೇಕಾದುದನ್ನು ಯಾವ ನೆರವೂ ಇಲ್ಲದೆ ಪಡೆಯಬಲ್ಲವನಿಗೆ ಜಗತ್ತು ಒಂದು ಸಾಧನವಾಗಿಯೂ ಬೇಕಾಗುವುದಿಲ್ಲ.

ಈ ತೊಡಕನ್ನು ಉಪನಿಷತ್ತುಗಳ ತಾತ್ಪರ್ಯವನ್ನು ಚುಟುಕು ವಾಕ್ಯಗಳಲ್ಲಿ ಜೋಡಿಸಿದ ಬಾದರಾಯಣರ ಬ್ರಹ್ಮಸೂತ್ರವು ಎರಡನೆಯ ಅಧ್ಯಾಯದ ಮೊದಲ ಪಾದದ ಕೊನೆಯ ಭಾಗದಲ್ಲಿ ಎತ್ತಿಕೊಳ್ಳುತ್ತದೆ. ಶಂಕರರ ಪಾಠದ ಪ್ರಕಾರ ಅವು 32ರಿಂದ 36ರವರೆಗಿನ ಐದು ಸೂತ್ರಗಳು. ಎಲ್ಲವನ್ನೂ ಸೇರಿಸಿ ಬರೆದರೂ ನಾಲ್ಕೈದು ಸಾಲು ಮೀರುವುದಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ನಿಂತು ಅದ್ವೈತದ ಶಂಕರರು, ವಿಶಿಷ್ಟಾದ್ವೈತದ ರಾಮಾನುಜರು ಮತ್ತು ದ್ವೈತದ ಮಧ್ವರು ತಮ್ಮ ತಮ್ಮ ದಾರಿ ಹಿಡಿದರು. ಶೃಂಗೇರಿ, ಮೇಲುಕೋಟೆ ಮತ್ತು ಉಡುಪಿಗಳ ಮೂಲಕ ಈ ಮೂರು ದಾರಿಗಳೂ ಕನ್ನಡ ನಾಡಿನಲ್ಲಿ ಇಂದಿಗೂ ಜೀವಂತವಾಗಿರುವುದರಿಂದ, ನಮ್ಮಲ್ಲಿ ಅನೇಕರು "ಎಲ್ಲ ಭಗವಂತನ ಲೀಲೆ" ಎಂದು ಹೇಳುವಾಗ ತಿಳಿದೋ ತಿಳಿಯದೆಯೋ ಈ ಮೂರರಲ್ಲಿ ಒಂದನ್ನು ಹೇಳುತ್ತಿರುತ್ತಾರೆ.

ಸೂತ್ರಕಾರರಿಗಿಂತ ಮೊದಲೇ ಉಪನಿಷತ್ತುಗಳು ಈ ಪ್ರಶ್ನೆಯನ್ನು ಜಟಿಲಗೊಳಿಸಿಟ್ಟಿದ್ದವು. ತೈತ್ತಿರೀಯವು "ಸೋಽಕಾಮಯತ" ಎನ್ನುತ್ತದೆ: ಅವನು ಬಯಸಿದನು, ನಾನು ಬಹುವಾಗಲಿ ಎಂದು. ಬೃಹದಾರಣ್ಯಕವು ಇನ್ನೂ ಮುಂದೆ ಹೋಗಿ, ಆದಿಯಲ್ಲಿದ್ದ ಆ ಒಬ್ಬನಿಗೆ ಒಂಟಿತನದಲ್ಲಿ ಸಂತೋಷವಾಗಲಿಲ್ಲ, ಆದ್ದರಿಂದ ಎರಡನೆಯವರನ್ನು ಬಯಸಿದನು ಎಂದು ಬಿಚ್ಚಿ ಹೇಳುತ್ತದೆ. ಒಂಟಿತನ ಬೇಸರ ತರುವುದು ಮನುಷ್ಯರಿಗೆ ಸಹಜ. ಪರಬ್ರಹ್ಮಕ್ಕೂ ಬೇಸರವೆಂದರೆ ಆಪ್ತಕಾಮತ್ವದ ಮಾತು ಕುಸಿಯುತ್ತದೆ. ಶಂಕರರು ಈ ಎರಡು ವಾಕ್ಯಗಳನ್ನು ಬೇರೆ ಬೇರೆಯಾಗಿ ನಿಭಾಯಿಸುತ್ತಾರೆ. ಬೃಹದಾರಣ್ಯಕದಲ್ಲಿ ಒಂಟಿತನದಿಂದ ಭಯಪಟ್ಟು ಬೇಸರಗೊಂಡವನು ಪ್ರಜಾಪತಿಯೇ ಹೊರತು ಪರಬ್ರಹ್ಮವಲ್ಲ, ಭಯವೂ ಬೇಸರವೂ ಇರುವುದರಿಂದಲೇ ಪ್ರಜಾಪತಿಯ ಪದವಿಯೂ ಸಂಸಾರದ ಒಳಗಿನದೆಂದು ತಿಳಿಯಬೇಕು ಎನ್ನುತ್ತಾರೆ. ತೈತ್ತಿರೀಯದ ಬಯಕೆಯಾದರೋ ಬ್ರಹ್ಮದ ಸ್ವರೂಪಕ್ಕೆ ಸೇರಿದ್ದು, ನಮ್ಮ ಬಯಕೆಗಳು ನಮ್ಮನ್ನು ದೂಡುವಂತೆ ಅದು ಬ್ರಹ್ಮವನ್ನು ದೂಡುವುದಿಲ್ಲ ಎಂಬುದು ಅವರ ಸಮಾಧಾನ.

ಸೂತ್ರಗಳ ಕ್ರಮದಲ್ಲಿ ಮೊದಲು ಬರುವುದು ಆಕ್ಷೇಪ. "ನ ಪ್ರಯೋಜನವತ್ತ್ವಾತ್" ಎಂದರೆ, ಕೆಲಸಗಳು ಪ್ರಯೋಜನವನ್ನು ಉದ್ದೇಶಿಸಿಯೇ ನಡೆಯುವುದರಿಂದ ಬ್ರಹ್ಮವು ಜಗತ್ತಿನ ಕಾರಣವಾಗಲಾರದು. ಬುದ್ಧಿ ಕೆಟ್ಟ ಹುಚ್ಚನು ಯಾವ ಉದ್ದೇಶವೂ ಇಲ್ಲದೆ ಏನಾದರೂ ಮಾಡಬಹುದು, ಆದರೆ ಸರ್ವಜ್ಞನೆಂದು ಕರೆದವನನ್ನು ಹುಚ್ಚನ ಪಕ್ಕದಲ್ಲಿ ನಿಲ್ಲಿಸಲು ಬರುವುದಿಲ್ಲ ಎಂದು ಶಂಕರರು ಎದುರಾಳಿಯ ವಾದವನ್ನು ತಾವೇ ಚೂಪುಗೊಳಿಸುತ್ತಾರೆ. ಈ ಎದುರಾಳಿ ಕಲ್ಪನೆಯ ವ್ಯಕ್ತಿಯಲ್ಲ. ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕ ಕುಮಾರಿಲಭಟ್ಟರು, ಪ್ರಯೋಜನವನ್ನು ಉದ್ದೇಶಿಸದೆ ಮಂದಬುದ್ಧಿಯವನೂ ಕೆಲಸಕ್ಕೆ ತೊಡಗುವುದಿಲ್ಲ ಎಂದು ಬರೆದ ಸಾಲು ಪಂಡಿತರ ನಡುವೆ ಗಾದೆಯಂತೆಯೇ ಬಳಕೆಯಾಗುತ್ತದೆ.

ಕರುಣೆಯಿಂದ ಸೃಷ್ಟಿಸಿದನೆಂದು ಹೇಳಬಹುದಲ್ಲವೇ ಎಂದು ಇಲ್ಲಿ ಯಾರಿಗಾದರೂ ತೋಚುತ್ತದೆ. ಕರುಣೆಯುಳ್ಳವನು ತನಗಾಗಿ ಏನನ್ನೂ ಬಯಸುವುದಿಲ್ಲ, ಹೀಗಾಗಿ ಪೂರ್ಣತೆಗೆ ಧಕ್ಕೆ ಬರುವುದಿಲ್ಲ. ಕುಮಾರಿಲರು ಈ ಬಾಗಿಲನ್ನೂ ಮುಚ್ಚುತ್ತಾರೆ. ಸೃಷ್ಟಿಗೆ ಮುಂಚೆ ಕರುಣೆಗೆ ಪಾತ್ರರಾಗುವ ಪ್ರಾಣಿಗಳೇ ಇರಲಿಲ್ಲ. ಅಳುವವರಿಲ್ಲದ ಕಡೆ ಸಮಾಧಾನಪಡಿಸುವವನಿಗೆ ಏನು ಕೆಲಸ? ಕರುಣೆಯೇ ಕಾರಣವೆಂದು ಒಪ್ಪಿದರೂ ಅವನು ಸುಖವೊಂದನ್ನೇ ಸೃಷ್ಟಿಸಬೇಕಾಗಿತ್ತು. ದುಃಖವಿಲ್ಲದೆ ಸೃಷ್ಟಿ ಸಾಧ್ಯವೇ ಇರಲಿಲ್ಲ ಎನ್ನುವುದಾದರೆ ಸರ್ವಶಕ್ತನೆಂಬ ಬಿರುದನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ.

ಜೈನರ ಕಡೆಯಿಂದ ಬಂದ ಇದೇ ಬಗೆಯ ವಾದಕ್ಕೆ ನಮ್ಮ ನೆಲದ ನಂಟಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುವೆಂದು ಹೆಸರಾದ ಆಚಾರ್ಯ ಜಿನಸೇನರು ಸಂಸ್ಕೃತದ ಆದಿಪುರಾಣದಲ್ಲಿ ಸೃಷ್ಟಿವಾದದ ಮೇಲೆ ಪ್ರಶ್ನೆಗಳ ಮಳೆಗರೆಯುತ್ತಾರೆ. ಜಗತ್ತನ್ನು ಮಾಡುವ ಮುಂಚೆ ಆ ಕರ್ತೃ ಎಲ್ಲಿ ನಿಂತಿದ್ದನು? ಕೃತಾರ್ಥನಾದವನಿಗೆ ಸೃಷ್ಟಿಸುವ ಇಚ್ಛೆ ಹುಟ್ಟಿದ್ದು ಹೇಗೆ? ಕೃತಾರ್ಥನಲ್ಲದಿದ್ದರೆ ಕುಂಬಾರನಂತೆ ಅವನೂ ಜಗತ್ತನ್ನು ಮಾಡಲಾರನಲ್ಲವೇ? ಆಟಕ್ಕಾಗಿ ಮಾಡಿದನೆಂದರೆ ಅದು ಮೂಢರ ಚಟುವಟಿಕೆ. ಜಿನಸೇನರ ತೀರ್ಮಾನ ನೇರವಾಗಿದೆ: ಲೋಕವು ಅನಾದಿ, ಅದನ್ನು ಯಾರೂ ಮಾಡಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಕನ್ನಡದಲ್ಲಿ ಆದಿಪುರಾಣವನ್ನು ಬರೆದದ್ದು ಜಿನಸೇನರ ಕೃತಿಯನ್ನು ಆಧರಿಸಿಯೇ ಎಂಬುದನ್ನು ನೆನೆದರೆ, ಕನ್ನಡದ ಆದಿಕವಿಯ ಮಹಾಕಾವ್ಯ ನಿಂತಿರುವುದು ಸೃಷ್ಟಿಕರ್ತನೇ ಇಲ್ಲದ ಲೋಕದೊಳಗೆ ಎಂಬ ಸಂಗತಿ ಹೊಳೆಯುತ್ತದೆ. ಶಾಲೆಯಲ್ಲಿ ಪಂಪನನ್ನು ಓದಿಸುವಾಗ ಈ ಮಾತನ್ನು ಯಾರೂ ಹೇಳಿದ ನೆನಪು ನನಗಿಲ್ಲ.

ಈಗ ಸಿದ್ಧಾಂತ. "ಲೋಕವತ್ತು ಲೀಲಾಕೈವಲ್ಯಮ್": ಲೋಕದಲ್ಲಿ ಕಾಣುವಂತೆ ಇದು ಬರಿಯ ಲೀಲೆ. ಸೂತ್ರದಲ್ಲಿರುವುದು ಇಷ್ಟೇ. ಈ ಪದವನ್ನು ಆಟವೆಂದು ಮಾತ್ರ ತಿಳಿದರೆ ಜಿನಸೇನರ ಟೀಕೆ ಗುರಿ ಮುಟ್ಟಿಬಿಡುತ್ತದೆ. ಆದರೆ ಕನ್ನಡದಲ್ಲಿ ನಾವು "ಲೀಲಾಜಾಲವಾಗಿ" ಎನ್ನುತ್ತೇವೆ. ಒಬ್ಬ ಜಟ್ಟಿ ಭಾರವಾದ ಗುಂಡನ್ನು ಲೀಲಾಜಾಲವಾಗಿ ಎತ್ತಿದನೆಂದರೆ ಅವನು ಆಟವಾಡಿದನೆಂದು ಅರ್ಥವಲ್ಲ, ಅವನಿಗೆ ಶ್ರಮವೇ ಆಗಲಿಲ್ಲವೆಂದು ಅರ್ಥ. ಸಂಸ್ಕೃತದ ಲೀಲಾ ಶಬ್ದದಲ್ಲಿ ಆಟವೂ ಅನಾಯಾಸವೂ ಹೀಗೆ ಕೂಡಿಕೊಂಡಿವೆ. ಶಂಕರರು ಎರಡನ್ನೂ ಬಳಸಿಕೊಳ್ಳುತ್ತಾರೆ. ಬಯಕೆಗಳೆಲ್ಲ ಈಡೇರಿದ ರಾಜನೋ ರಾಜನ ಅಮಾತ್ಯನೋ ವಿಹಾರಕ್ಕೆ ತೊಡಗುವುದು ಅವರ ಮೊದಲ ಉದಾಹರಣೆ. ಆದರೆ ರಾಜನ ವಿಹಾರದಲ್ಲಿಯೂ ಹುಡುಕಿದರೆ ಯಾವುದೋ ಸಣ್ಣ ಪ್ರಯೋಜನ ಸಿಕ್ಕೀತು ಎಂಬುದು ಅವರಿಗೆ ಗೊತ್ತು. ಅದಕ್ಕಾಗಿಯೇ ಎರಡನೆಯ ಉದಾಹರಣೆಯಾಗಿ ಉಸಿರಾಟವನ್ನು ತರುತ್ತಾರೆ. ನಾವು ಉಸಿರೆಳೆದು ಬಿಡುವುದು ಹೊರಗಿನ ಯಾವ ಗುರಿಯನ್ನೂ ಇಟ್ಟುಕೊಂಡಲ್ಲ, ಅದು ಸ್ವಭಾವ. ಜಗತ್ತಿನ ರಚನೆ ನಮಗೆ ಮಹಾ ಸಾಹಸದ ಕೆಲಸವಾಗಿ ಕಂಡರೂ ಅಪರಿಮಿತ ಶಕ್ತಿಯುಳ್ಳ ಪರಮೇಶ್ವರನಿಗೆ ಅದು ಲೀಲೆ ಮಾತ್ರವೇ ಎಂದು ಅವರು ಸೇರಿಸುವ ಮಾತಿನಲ್ಲಿ ಸರ್ವಶಕ್ತಿಯು ಕೊನೆಗೂ ಒಂದು ಕೆಲಸಕ್ಕೆ ಬರುತ್ತದೆ: ಶ್ರಮಪಟ್ಟು ಮಾಡುವ ಕೆಲಸಕ್ಕೆ ಫಲದ ಆಸೆ ಬೇಕು, ಶ್ರಮವೇ ಇಲ್ಲದ ಕಡೆ ಆ ಲೆಕ್ಕಾಚಾರ ಹುಟ್ಟುವುದೇ ಇಲ್ಲ.

ನನಗೆ ತಿಳಿದ ಮಟ್ಟಿಗೆ ಇದು ಪ್ರಶ್ನೆಗೆ ಕೊಟ್ಟ ಉತ್ತರವಾಗಿರದೆ, ಪ್ರಶ್ನೆಯ ಬುಡದಲ್ಲಿರುವ ನಿಯಮವನ್ನು ಒಪ್ಪದಿರುವಿಕೆ. "ಎಲ್ಲ ಕೆಲಸವೂ ಪ್ರಯೋಜನಕ್ಕಾಗಿಯೇ" ಎಂಬ ನಿಯಮವನ್ನು ಕುಮಾರಿಲರು ಲೋಕದಿಂದ ಎತ್ತಿಕೊಂಡರು. ಅದೇ ಲೋಕದಲ್ಲಿ ಈ ನಿಯಮಕ್ಕೆ ಒಳಗಾಗದ ಚಲನೆಗಳಿವೆ ಎಂದು ಸೂತ್ರವು ತೋರಿಸುತ್ತದೆ. "ಲೋಕವತ್" ಎಂಬ ಪದ ಅಲ್ಲಿರುವುದು ಇದಕ್ಕಾಗಿಯೇ. ಉಸಿರಾಟದ ಉದಾಹರಣೆಗೆ ಒಂದು ಕೊರೆಯೂ ಇದೆ. ಉಸಿರನ್ನು ನಾವು ಆರಿಸಿಕೊಂಡು ಆಡುವುದಿಲ್ಲ, ಬಿಟ್ಟರೆ ಬದುಕುವುದೂ ಇಲ್ಲ. ಹೀಗಾಗಿ ಸೃಷ್ಟಿಯು ದೇವರಿಗೆ ಅನಿವಾರ್ಯವೇ, ಅವನು ಸೃಷ್ಟಿಸದೆ ಇರಬಹುದಾಗಿತ್ತೇ ಎಂಬ ಮುಂದಿನ ಪ್ರಶ್ನೆ ಅಲ್ಲಿಂದ ಚಿಗುರುತ್ತದೆ.

ರಾಮಾನುಜರು ಉಸಿರಾಟದ ಕಡೆಗೆ ಹೋಗುವುದಿಲ್ಲ. ಏಳು ದ್ವೀಪಗಳ ಭೂಮಿಯನ್ನಾಳುವ, ಶೌರ್ಯ ಪರಾಕ್ರಮಗಳಲ್ಲಿ ಕೊರತೆಯೇ ಇಲ್ಲದ ಮಹಾರಾಜನು ಚೆಂಡಾಟಕ್ಕೆ ತೊಡಗುವುದನ್ನು ಅವರು ಮುಂದಿಡುತ್ತಾರೆ. ಶಂಕರರ ರಾಜನಿಗೂ ಇವನಿಗೂ ಹೆಚ್ಚು ವ್ಯತ್ಯಾಸವಿಲ್ಲವೆಂದು ಮೇಲ್ನೋಟಕ್ಕೆ ಅನ್ನಿಸಿದರೂ ವಾಕ್ಯದ ಒಳಗೆ ಒಂದು ತಿರುವಿದೆ. ಶಂಕರರು ಪ್ರಯೋಜನವೇ ಇಲ್ಲವೆಂದರೆ, ರಾಮಾನುಜರು ಲೀಲೆಯೇ ಪ್ರಯೋಜನ ಎನ್ನುತ್ತಾರೆ. ಚೆಂಡಾಡುವವನಿಗೆ ಆಟದ ಆಚೆ ಗಳಿಸಬೇಕಾದುದು ಏನೂ ಇಲ್ಲ, ಆದರೆ ಆಟದಲ್ಲಿ ಅವನಿಗೆ ನಿಜವಾದ ರುಚಿಯಿದೆ. ಈ ತಿರುವಿನಿಂದ ಜಗತ್ತಿನ ಸ್ಥಾನ ಬದಲಾಗುತ್ತದೆ. ಚೇತನಾಚೇತನಗಳೆಲ್ಲ, ಎಂದರೆ ಜೀವಗಳೂ ಜಡವಸ್ತುಗಳೂ, ಭಗವಂತನ ಶರೀರವೆನ್ನುವ ವಿಶಿಷ್ಟಾದ್ವೈತದಲ್ಲಿ ಸೃಷ್ಟಿಯೆಂದರೆ ಸೂಕ್ಷ್ಮವಾಗಿದ್ದುದು ಸ್ಥೂಲವಾಗಿ ಅರಳುವುದು. ಅದು ಸುಳ್ಳಾಗುವಂತಿಲ್ಲ, ಸುಳ್ಳಾದರೆ ಲೀಲೆಯೂ ಸುಳ್ಳಾಗುತ್ತದೆ. ಬ್ರಹ್ಮಸೂತ್ರಕ್ಕೆ ತಾವು ಬರೆದ ಶ್ರೀಭಾಷ್ಯದ ಮೊದಲ ಶ್ಲೋಕದಲ್ಲಿಯೇ ರಾಮಾನುಜರು ಬ್ರಹ್ಮವನ್ನು ಸಮಸ್ತ ಭುವನಗಳ ಹುಟ್ಟು, ಇರವು, ಅಳಿವುಗಳನ್ನು ಲೀಲೆಯಾಗಿ ಉಳ್ಳದ್ದೆಂದು ಸ್ತುತಿಸಿದ್ದಾರೆ.

ಮಧ್ವರ ಉದಾಹರಣೆ ಎಲ್ಲಕ್ಕಿಂತ ದಿಟ್ಟವಾದುದು. ಲೋಕದಲ್ಲಿ ಮತ್ತನಾದವನು ಸುಖ ಉಕ್ಕಿ ಬಂದುದರಿಂದಲೇ ಕುಣಿಯುತ್ತಾನೆ, ಹಾಡುತ್ತಾನೆ, ಯಾವ ಪ್ರಯೋಜನವನ್ನೂ ಬಯಸುವುದಿಲ್ಲ. ಈಶ್ವರನೂ ಹಾಗೆಯೇ ಎಂದು ಅವರ ಸೂತ್ರಭಾಷ್ಯ ಹೇಳುತ್ತದೆ. ಹುಚ್ಚನೊಂದಿಗೆ ಹೋಲಿಸುವ ಆಕ್ಷೇಪವನ್ನು ಶಂಕರರು ದೂರ ಸರಿಸುವ ಜಾಗದಲ್ಲಿಯೇ ಮಧ್ವರು ಮೈಮರೆತು ಕುಣಿಯುವವನನ್ನು ತಂದು ನಿಲ್ಲಿಸುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ವ್ಯಕ್ತಿಯ ವಿಷಯವಲ್ಲ, ನಿಜ: ಉನ್ಮತ್ತನಿಗೆ ಬುದ್ಧಿಯ ಕೊರತೆ, ಮತ್ತನಿಗೆ ಸುಖದ ಹೆಚ್ಚಳ. ಆದರೆ ಆ ಹೆಚ್ಚಳವೇ ಇಲ್ಲಿ ವಾದದ ತಿರುಳು. ಕೊರತೆಯಿಂದ ಮಾತ್ರ ಕ್ರಿಯೆ ಹುಟ್ಟುತ್ತದೆ ಎಂದು ಎದುರಾಳಿ ನಂಬಿದ್ದನು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಅವನ ಕಡೆಗೇ ಇದೆ. ತುಂಬಿ ಹರಿಯುವ ಹೊಳೆಯೂ ಉಂಟು ಎಂಬುದು ಮಧ್ವರ ಪ್ರತಿವಾದ. ಆನಂದದಿಂದಲೇ ಈ ಭೂತಗಳು ಹುಟ್ಟುತ್ತವೆ ಎಂಬ ತೈತ್ತಿರೀಯದ ಮಾತಿಗೆ ಮೂವರಲ್ಲಿ ಮಧ್ವರ ಹೋಲಿಕೆಯೇ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಪೂರ್ಣತೆಯೇ ಹೊರಚೆಲ್ಲುತ್ತದೆ ಎಂಬ ಈ ಯೋಚನೆ ಬೇರೆಡೆಯೂ ಕಾಣುತ್ತದೆ. ಒಳಿತಿನ ಸ್ವಭಾವವೇ ತನ್ನನ್ನು ಹಂಚಿಕೊಳ್ಳುವುದು ಎಂಬ ಹಳೆಯ ಗ್ರೀಕ್ ಮೂಲದ ಮಾತನ್ನು ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಬಳಸಿದರು, ಆದರೆ ಸೃಷ್ಟಿಯು ದೇವರ ಸ್ವತಂತ್ರ ಇಚ್ಛೆ, ಅನಿವಾರ್ಯವಲ್ಲ ಎಂದು ಪಟ್ಟು ಹಿಡಿದರು. "ನಾನು ಗುಪ್ತನಿಧಿಯಾಗಿದ್ದೆ, ಅರಿಯಲ್ಪಡಬೇಕೆಂದು ಬಯಸಿದೆ" ಎಂದು ದೇವರೇ ಹೇಳಿದನೆನ್ನುವ ಹದೀಸ್, ಎಂದರೆ ಪ್ರವಾದಿಯ ಮೂಲಕ ಬಂದುದೆನ್ನುವ ಮಾತು, ಸೂಫಿಗಳಿಗೆ ಅಚ್ಚುಮೆಚ್ಚು. ಹದೀಸ್ ಪರಿಶೋಧಕರು ಅದರ ಪರಂಪರೆಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಇವರಿಗೂ ನಮ್ಮ ಆಚಾರ್ಯರಿಗೂ ಇರುವ ದೊಡ್ಡ ಅಂತರವೆಂದರೆ, ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳ ಮುಖ್ಯಧಾರೆಯಲ್ಲಿ ದೇವರು ಏನೂ ಇಲ್ಲದಲ್ಲಿಂದ ಸೃಷ್ಟಿಸುತ್ತಾನೆ, ಸೃಷ್ಟಿಗೊಂದು ಮೊದಲಿದೆ. ವೇದಾಂತದಲ್ಲಿ ಅಂಥ ಮೊದಲಿಲ್ಲ. ಪ್ರಳಯದ ಬಳಿಕ ಸೃಷ್ಟಿ, ಮತ್ತೆ ಪ್ರಳಯ. ಧಾತೃವು ಸೂರ್ಯಚಂದ್ರರನ್ನು ಹಿಂದಿನಂತೆಯೇ ರೂಪಿಸಿದನು ಎಂಬ ಋಗ್ವೇದದ ಮಾತನ್ನು ನಮ್ಮಲ್ಲಿ ಸಂಧ್ಯಾವಂದನೆಯವರೂ ಬಲ್ಲರು. ಮುಂದಿನ ಮೂರು ಸೂತ್ರಗಳ ಭಾರವೆಲ್ಲ ಈ ಅಂತರದ ಮೇಲೆಯೇ ನಿಂತಿದೆ.

ಲೀಲೆಯ ಮಾತು ಮುಗಿಯುವಷ್ಟರಲ್ಲಿ ಹೆಚ್ಚು ಕಠಿಣವಾದ ಇನ್ನೊಂದು ಆಕ್ಷೇಪ ಏಳುತ್ತದೆ. ಆಟವೇ ಆಗಿರಲಿ, ಆನಂದವೇ ಆಗಿರಲಿ, ಆ ಆಟದಲ್ಲಿ ಒಬ್ಬನು ಅರಮನೆಯಲ್ಲಿ ಹುಟ್ಟಿ ಇನ್ನೊಬ್ಬನು ಹಸಿವಿನಲ್ಲಿ ಸಾಯುವುದೇಕೆ? ಸೂತ್ರವು ಎರಡು ದೋಷಗಳನ್ನು ಹೆಸರಿಸುತ್ತದೆ: ವೈಷಮ್ಯ, ಎಂದರೆ ಪಕ್ಷಪಾತ; ನೈರ್ಘೃಣ್ಯ, ಎಂದರೆ ದಯೆಯಿಲ್ಲದಿರುವಿಕೆ. ಇಲ್ಲಿ ಸೂತ್ರಕಾರರು ಲೀಲೆಯ ಹೆಸರನ್ನೇ ಎತ್ತುವುದಿಲ್ಲ ಎಂಬುದನ್ನು ಗಮನಿಸಬೇಕು. ಮಗುವನ್ನು ಕಳೆದುಕೊಂಡವರ ಮನೆಗೆ ಹೋಗಿ "ಎಲ್ಲ ಅವನ ಲೀಲೆ" ಎನ್ನುವ ರೂಢಿ ನಮ್ಮಲ್ಲಿದೆ. ಸೂತ್ರಗಳ ಕ್ರಮವನ್ನು ನೋಡಿದರೆ ಆ ಮಾತು ತಪ್ಪು ಪ್ರಶ್ನೆಗೆ ಕೊಟ್ಟ ಉತ್ತರ. ಸೃಷ್ಟಿ ಏಕೆಂಬುದಕ್ಕೆ ಲೀಲೆ, ಸೃಷ್ಟಿಯಲ್ಲಿ ದುಃಖ ಏಕೆಂಬುದಕ್ಕೆ ಕರ್ಮ ಎಂದು ಅವರು ಎರಡನ್ನೂ ಬೇರೆ ಬೇರೆ ಸೂತ್ರಗಳಲ್ಲಿ ಇಟ್ಟಿದ್ದಾರೆ.

ಈಶ್ವರನು ಸಾಪೇಕ್ಷನಾಗಿ, ಎಂದರೆ ಜೀವಿಗಳ ಧರ್ಮಾಧರ್ಮಗಳನ್ನು ನೋಡಿಕೊಂಡು ಸೃಷ್ಟಿಸುತ್ತಾನೆ ಎಂಬುದು ಸೂತ್ರದ ಸಮಾಧಾನ. ಶಂಕರರು ಮಳೆಯ ಉಪಮೆ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ ಆಗಿ ಬೀಳುತ್ತದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆಗೋಧಿ ಬೆಳೆದರೆ ಆ ಭೇದಕ್ಕೆ ಕಾರಣ ಬಿತ್ತಿದ ಬೀಜ. ಆಗ ಎದುರಾಳಿ ಕೇಳುತ್ತಾನೆ: ಆದಿಯಲ್ಲಿ ‘ಸತ್’, ಎಂದರೆ ಇರುವಿಕೆ, ಒಂದೇ ಇತ್ತು, ಎರಡನೆಯದಿರಲಿಲ್ಲ ಎಂದು ಶ್ರುತಿಯೇ, ಎಂದರೆ ಉಪನಿಷತ್ತೇ, ಹೇಳುವಾಗ ಮೊತ್ತಮೊದಲ ಸೃಷ್ಟಿಯ ಹೊತ್ತಿಗೆ ಕರ್ಮ ಎಲ್ಲಿತ್ತು? ದೇಹವಿಲ್ಲದೆ ಕರ್ಮವಿಲ್ಲ, ಕರ್ಮವಿಲ್ಲದೆ ದೇಹವಿಲ್ಲ. ಇದಕ್ಕೆ ಉತ್ತರ "ಅನಾದಿತ್ವಾತ್" ಎಂಬ ಒಂದೇ ಪದ: ಮೊತ್ತಮೊದಲ ಸೃಷ್ಟಿ ಎಂಬುದೇ ಇಲ್ಲ, ಬೀಜ ಮತ್ತು ಮೊಳಕೆಗಳಂತೆ ಎರಡೂ ಒಂದನ್ನೊಂದು ಹಿಂಬಾಲಿಸಿ ಬಂದಿವೆ. ಆದಿಯಿದ್ದರೆ ಮಾಡದ ಕರ್ಮದ ಫಲ ಯಾರ ತಲೆಗಾದರೂ ಬರುತ್ತದೆ, ಮುಕ್ತರಾದವರೂ ಕಾರಣವಿಲ್ಲದೆ ಮತ್ತೆ ಹುಟ್ಟಬೇಕಾಗುತ್ತದೆ ಎಂದು ಶಂಕರರು ವಿವರಿಸುತ್ತಾರೆ.

ಅನಾದಿ ಎನ್ನುವುದು ಲೆಕ್ಕವನ್ನು ಮುಂದೂಡುವ ಉಪಾಯವೇ ಎಂಬ ಅನುಮಾನ ಓದುಗರಿಗೆ ಬಂದರೆ ಅದು ಅನ್ಯಾಯದ ಅನುಮಾನವಲ್ಲ. ಪ್ರತಿಯೊಂದು ಜನ್ಮದ ವಿಷಮತೆಗೂ ಹಿಂದಿನ ಜನ್ಮವನ್ನು ತೋರಿಸಬಹುದು. ಈ ಇಡೀ ಸರಣಿ ಏಕಿದೆ ಎಂಬುದಕ್ಕೆ ಆ ತೋರುವಿಕೆ ಉತ್ತರವಾಗುವುದಿಲ್ಲ. ಇನ್ನೂ ಒಂದು ಮುಳ್ಳಿದೆ. ತಾನು ಯಾರನ್ನು ಮೇಲಕ್ಕೆತ್ತಬೇಕೆಂದು ಬಯಸುವನೋ ಅವನಿಂದ ಒಳ್ಳೆಯ ಕರ್ಮವನ್ನು ಇವನೇ ಮಾಡಿಸುತ್ತಾನೆ ಎಂಬ ಕೌಷೀತಕಿ ಉಪನಿಷತ್ತಿನ ವಾಕ್ಯವನ್ನು ಶಂಕರರು ಈ ಜಾಗದಲ್ಲಿಯೇ ಪ್ರಮಾಣವಾಗಿ ಕೊಡುತ್ತಾರೆ. ಆ ವಾಕ್ಯವನ್ನು ಬಿಡಿಯಾಗಿ ಓದಿದರೆ ಪಕ್ಷಪಾತದ ಆರೋಪಕ್ಕೇ ಅದು ಸಾಕ್ಷಿ ಹೇಳುವಂತಿದೆ.

ಮಧ್ವರಿಗೆ ಈ ಮುಳ್ಳು ಇನ್ನೂ ಹೆಚ್ಚಾಗಿ ಚುಚ್ಚಬೇಕು, ಏಕೆಂದರೆ ಅವರ ಮತದಲ್ಲಿ ಹರಿಯೊಬ್ಬನೇ ಸ್ವತಂತ್ರ. ದೇವರು ಕರ್ಮವನ್ನು ನೋಡಿಕೊಂಡೇ ಫಲ ಕೊಡಬೇಕಾದರೆ ಕರ್ಮವು ಅವನ ಕೈ ಕಟ್ಟಿದಂತಾಯಿತಲ್ಲವೇ? ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲ ಅವನ ಅನುಗ್ರಹದಿಂದ ಇವೆ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಭಾಗವತದ ಮಾತಿನ ಬಲದ ಮೇಲೆ, ಕರ್ಮದ ಇರವೂ ಅವನ ಅಧೀನವೇ ಎಂದು ದ್ವೈತಿಗಳು ಹೇಳುತ್ತಾರೆ. ಜೀವರು ಸೃಷ್ಟಿಯಾದವರಲ್ಲ, ಅನಾದಿಯಾದವರು. ಒಬ್ಬೊಬ್ಬರಿಗೂ ಬೇರೆ ಬೇರೆ ಸ್ವರೂಪಯೋಗ್ಯತೆ, ಎಂದರೆ ಸ್ವರೂಪದಲ್ಲಿಯೇ ಇರುವ ಅರ್ಹತೆ, ಇದೆ. ಬೀಜದೊಳಗಿರುವುದು ಹೊರಬರಲು ನೆಲ ನೀರು ಬೇಕಾಗುವಂತೆ ಆ ಯೋಗ್ಯತೆ ಪ್ರಕಟವಾಗಲು ದೇಹವೂ ಲೋಕವೂ ಬೇಕು. ಹೀಗೆ ನೋಡಿದಾಗ ಸೃಷ್ಟಿಯು ದೇವರಿಗೆ ನಿಷ್ಪ್ರಯೋಜನವಾಗಿದ್ದೂ ಜೀವರಿಗೆ ಪ್ರಯೋಜನವುಳ್ಳದ್ದಾಗುತ್ತದೆ. ಮನುಷ್ಯರನ್ನು ಏಕೆ ಸೃಷ್ಟಿಸಿದನೆಂಬುದಕ್ಕೆ ಮೂವರಲ್ಲಿ ಇಷ್ಟು ನೇರವಾದ ಉತ್ತರ ಕೊಟ್ಟವರು ಮಧ್ವರೇ. ಅದಕ್ಕೆ ತೆರಬೇಕಾದ ಬೆಲೆಯೂ ಕಡಿಮೆಯಲ್ಲ: ಕೆಲವು ಜೀವರ ಸ್ವರೂಪವೇ ಮುಕ್ತಿಗೆ ಯೋಗ್ಯವಲ್ಲ ಎಂಬ ಜೀವತ್ರೈವಿಧ್ಯದ ಸಿದ್ಧಾಂತವನ್ನು ಅದರ ಜೊತೆಗೇ ಒಪ್ಪಬೇಕಾಗುತ್ತದೆ, ಇತರ ವೇದಾಂತಿಗಳು ಅದನ್ನು ಒಪ್ಪಲಿಲ್ಲ.

ಶಂಕರರಿಗೆ ಇಲ್ಲಿ ಬೇರೊಂದು ದಾರಿಯಿತ್ತು, ಲೀಲಾಸೂತ್ರದ ಭಾಷ್ಯದ ಕೊನೆಯಲ್ಲಿಯೇ ಅದನ್ನು ಅವರು ತೆರೆದಿಟ್ಟಿದ್ದಾರೆ. ಸೃಷ್ಟಿಯನ್ನು ಹೇಳುವ ಶ್ರುತಿಯು ಅವಿದ್ಯೆಯಿಂದ ಕಲ್ಪಿತವಾದ ನಾಮರೂಪಗಳ ವ್ಯವಹಾರಕ್ಕೆ ಸಂಬಂಧಿಸಿದ್ದು. ಅದರ ತಾತ್ಪರ್ಯ ಬ್ರಹ್ಮವೇ ಆತ್ಮವೆಂದು ತಿಳಿಸುವುದರಲ್ಲಿದೆ, ಇದನ್ನು ಮರೆಯಬಾರದು ಎನ್ನುತ್ತಾರೆ. ಅವರ ಪರಮಗುರು, ಎಂದರೆ ಗುರುವಿನ ಗುರು, ಗೌಡಪಾದರು ಸೃಷ್ಟಿಯ ಬಗೆಗಿನ ಮತಗಳನ್ನು ಒಂದರ ಹಿಂದೆ ಒಂದಾಗಿ ಎಣಿಸಿದ್ದರು: ದೇವರ ಮಹಿಮೆಯ ವಿಸ್ತಾರ, ಕನಸು, ಇಚ್ಛೆ, ಕಾಲ, ಭೋಗ, ಕ್ರೀಡೆ. ಕೊನೆಗೆ "ದೇವಸ್ಯೈಷ ಸ್ವಭಾವೋಽಯಮ್ ಆಪ್ತಕಾಮಸ್ಯ ಕಾ ಸ್ಪೃಹಾ" ಎಂದು ನಿಲ್ಲಿಸಿದರು. ಇದು ದೇವನ ಸ್ವಭಾವ, ಎಲ್ಲ ಪಡೆದವನಿಗೆ ಯಾವ ಆಸೆ? ಸ್ವಾರಸ್ಯವೆಂದರೆ ಅದ್ವೈತಿಗಳು ಗೌಡಪಾದರ ಕಾರಿಕೆ, ಎಂದರೆ ಉಪನಿಷತ್ತನ್ನು ವಿವರಿಸುವ ಶ್ಲೋಕ, ಎಂದು ಓದುವ ಈ ಸಾಲನ್ನು ಮಧ್ವಪರಂಪರೆಯು ಮಾಂಡೂಕ್ಯ ಶ್ರುತಿಯ ಭಾಗವೆಂದೇ ಓದುತ್ತದೆ. ಜಗತ್ತು ಮಿಥ್ಯೆಯೆನ್ನುವವರೂ ಸತ್ಯವೆನ್ನುವವರೂ ಒಂದೇ ಶ್ಲೋಕಾರ್ಧವನ್ನು ತಮ್ಮದೆಂದು ಹಿಡಿದಿದ್ದಾರೆ.

ಭಾಷ್ಯಕಾರರು ಎಚ್ಚರದಿಂದ ಬೇರ್ಪಡಿಸಿದ ಎರಡು ಪ್ರಶ್ನೆಗಳನ್ನು ಬೇರ್ಪಡಿಸದೆ ಎದುರಿಸಿದ ಒಂದು ದನಿ ಕನ್ನಡದಲ್ಲಿದೆ. "ತನ್ನ ವಿನೋದಕ್ಕೆ ತಾನೆ ಸೃಜಿಸಿದ ಸಕಲ ಜಗತ್ತ" ಎಂದು ಅಕ್ಕಮಹಾದೇವಿಯ ಒಂದು ವಚನ ಮೊದಲಾಗುತ್ತದೆ. ಅಲ್ಲಿಯವರೆಗೆ ಅದು ಲೀಲಾಸೂತ್ರದ ಕನ್ನಡ ರೂಪದಂತೆಯೇ ಇದೆ. ಆದರೆ ಮುಂದಿನ ಸಾಲುಗಳಲ್ಲಿ ಅದೇ ವಿನೋದಕ್ಕಾಗಿ ಅವನು ಜಗತ್ತನ್ನು ಪ್ರಪಂಚದಿಂದ ಸುತ್ತಿದನು, ಅದೇ ವಿನೋದಕ್ಕಾಗಿ ಅನಂತ ಭವದುಃಖಗಳಲ್ಲಿ ತಿರುಗಿಸಿದನು ಎಂದು ಅಕ್ಕ ಹೇಳುತ್ತಾಳೆ, ಆ ಜಗದ್ವಿಲಾಸ ಅವನಿಗೆ ಸಾಕಾದ ಮೇಲೆ ಮಾಯಾಪಾಶವನ್ನು ಹರಿಯುವವನೂ ಅವನೇ ಎಂದು ಮುಗಿಸುತ್ತಾಳೆ. ಸೃಷ್ಟಿಗೊಂದು ಸೂತ್ರ, ದುಃಖಕ್ಕೊಂದು ಸೂತ್ರ ಎಂಬ ವಿಂಗಡಣೆ ಈ ವಚನದಲ್ಲಿಲ್ಲ; ಕರ್ಮವೆಂಬ ಪದವೂ ಅದರಲ್ಲಿ ಬರುವುದಿಲ್ಲ.